ಕಿವಿಗೆ ಕಂಡ ಚೆಂಡು

ಕೊಪ್ಪಳದ ರೈಲುಹಳಿಯನ್ನು ದಾಟಿದರೆ ನಮ್ಮ ಭಾಗ್ಯನಗರ. ಇದು ನೇಕಾರರ ಊರು. ನಾನು ಇಲ್ಲಿ ಮನೆ ಮಾಡಿದ ಹೊಸದರಲ್ಲಿ ಮಗ್ಗಗಳ ಸದ್ದಿಗೆ ನಿದ್ರೆ ಹತ್ತುತ್ತಿರಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಆ ಸದ್ದು ನಿಂತರೇ ಎಚ್ಚರವಾಗುತ್ತಿತ್ತು. ಕಿವಿಯೆಂಬುದು ಅಂಥ ವಿಚಿತ್ರ ಇಂದ್ರಿಯ.

1990ರ ದಶಕದಲ್ಲಿ ನಾನು ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲಿ ನೇಕಾರರ ಮನೆಯ ಹುಡುಗನೊಬ್ಬನಿದ್ದ. ಅವನ ಕಣ್ಣಿಗೆ ಬೆಳಕು ಕತ್ತಲೆಗಳ ಭೇದವಷ್ಟೇ ತಿಳಿಯುತ್ತಿತ್ತು. ಆಟದ ಅವಧಿಯ ಹೊಣೆಯೂ ನನ್ನದೇ ಆಗಿತ್ತು. ಉಳಿದವರು ಕ್ರಿಕೆಟ್ ಆಡುವಾಗ ನಾನು ಅವನನ್ನು ಬೇವಿನ ಮರದ ಕೆಳಗೆ ಕೂರಿಸಿ, ಎಲ್ಲರ ಚಪ್ಪಲಿ ಕಾಯುವ ಕೆಲಸ ಕೊಟ್ಟೆ. ಅವನಿಗೆ ಪೆಟ್ಟಾಗದಿರಲೆಂಬ ಕರುಣೆಯಿಂದ ಹಾಗೆ ಮಾಡಿದೆನೆಂದೇ ನಂಬಿದ್ದೆ. ಒಮ್ಮೆ ಅವನು, “ಸರ, ಈ ಚೆಂಡು ಬ್ಯಾಟಿನ ಅಂಚಿಗೆ ಬಡೀತ್ರಿ” ಎಂದ. ನಿಜವಾಗಿಯೂ ಅಂಚಿಗೇ ತಗುಲಿತ್ತು. ನಾನು ನಕ್ಕು ಸುಮ್ಮನಾದೆ. ಲಾಳಿಯ ಸದ್ದಿನಲ್ಲೇ ಎಳೆ ಕಡಿದುದನ್ನು ಅರಿಯುವ ಮನೆಯ ಮಗನಿಗೆ ಅದೇನೂ ಹೆಚ್ಚಿನದಲ್ಲವೆಂಬುದು ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು 2012ರ ಡಿಸೆಂಬರಿನಲ್ಲಿ, ಒಂದು ದಿನ ಪತ್ರಿಕೆ ಓದುತ್ತಿದ್ದಾಗ. ಬೆಂಗಳೂರಿನಲ್ಲಿ ಅಂಧರ ಮೊದಲ ಟಿ-ಟ್ವೆಂಟಿ ವಿಶ್ವಕಪ್ ನಡೆದು, ಅಂತಿಮ ಪಂದ್ಯದಲ್ಲಿ ಭಾರತವು ಪಾಕಿಸ್ತಾನವನ್ನು 29 ರನ್ನುಗಳಿಂದ ಸೋಲಿಸಿತ್ತು. ತಂಡದ ನಾಯಕ ಶೇಖರ್ ನಾಯ್ಕ್, ನಮ್ಮ ಶಿವಮೊಗ್ಗ ಜಿಲ್ಲೆಯವರು.

ಅವರು ಹುಟ್ಟಿನಿಂದಲೇ ದೃಷ್ಟಿಹೀನರು. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಾಗಿ ಒಂದು ಕಣ್ಣಿಗೆ ಅಷ್ಟಿಷ್ಟು ಬೆಳಕು ಬಂದಿತು; ಆದರೆ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು. ತಾಯಿ ಮಗನನ್ನು ಶಿವಮೊಗ್ಗದ ಅಂಧಮಕ್ಕಳ ಶಾಲೆಗೆ ಸೇರಿಸಿದರು. ಕ್ರಿಕೆಟ್ ಅವರ ಕೈಹಿಡಿದದ್ದು ಅಲ್ಲಿಯೇ. ಅಲ್ಲಿ ಅವರನ್ನು ಯಾರೂ ಮರದ ಕೆಳಗೆ ಕೂರಿಸಲಿಲ್ಲ.

ಈ ಆಟದ ರೀತಿಯನ್ನು ನೀವು ತಿಳಿಯಬೇಕು. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಲೋಹದ ಗುಂಡುಗಳಿದ್ದು, ಉರುಳಿದಾಗ ಗಲಗಲ ಸದ್ದಾಗುತ್ತದೆ. ಬೌಲರು ಮೊದಲು “ರೆಡಿ?” ಎಂದು ಕೇಳಬೇಕು, ಬ್ಯಾಟುಗಾರ “ಯೆಸ್” ಎಂದ ಮೇಲೆ “ಪ್ಲೇ” ಎಂದು ಕೂಗಿ, ಕೈಯನ್ನು ಕೆಳಗಿನಿಂದ ಬೀಸಿ ಚೆಂಡೆಸೆಯಬೇಕು. ಅದು ಅಂಕಣದ ಮಧ್ಯರೇಖೆಗೆ ಮುನ್ನವೇ ನೆಲಕ್ಕೆ ತಗುಲಬೇಕು. ಹನ್ನೊಂದು ಆಟಗಾರರಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಲೇಬೇಕು. ಉಳಿದವರಿಗೆ ಅಲ್ಪಸ್ವಲ್ಪ ದೃಷ್ಟಿಯಿರುತ್ತದೆ. ಪೂರ್ಣ ಅಂಧನು ಗಳಿಸಿದ ರನ್ನು ಇಮ್ಮಡಿಯಾಗುತ್ತದೆ. ಅವನು ಒಂದು ಪುಟಿತದ ಮೇಲೆ ಹಿಡಿದ ಚೆಂಡೂ ಕ್ಯಾಚೇ. ಪ್ರೇಕ್ಷಕರು ಗದ್ದಲ ಮಾಡಿದರೆ ಆಟವೇ ಕೆಡುತ್ತದೆ. ನಮ್ಮೂರ ಪಂದ್ಯಗಳ ಧ್ವನಿವರ್ಧಕಗಳಿಗೆ ಅಲ್ಲಿ ಜಾಗವಿಲ್ಲ!

ಬೇರೆ ತಂಡದ ನಾಯಕನು ಬೆರಳಾಡಿಸಿ ಆಟಗಾರರನ್ನು ಅತ್ತಿತ್ತ ನಿಲ್ಲಿಸುತ್ತಾನೆ. ಇಲ್ಲಿ ಕೈಸನ್ನೆ ಎಲ್ಲರಿಗೂ ತಲುಪದು. ಯಾರು ಎಷ್ಟು ಕಾಣಬಲ್ಲರೆಂಬುದನ್ನು ಅರಿತು, ದನಿಯಿಂದಲೇ ಮೈದಾನವನ್ನು ಕಟ್ಟಬೇಕು. 2014ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಟೌನಿನಲ್ಲಿ ಏಕದಿನ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆದಾಗ ಪಾಕಿಸ್ತಾನವು 389 ರನ್ ಹೊಡೆದಿತ್ತು. ಶೇಖರರ ತಂಡ ಅದನ್ನೂ ದಾಟಿ ಗೆದ್ದಿತು. 2017ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ನೀಡಿತು.

ಆ ಸುದ್ದಿಯನ್ನು ಹಿಡಿದುಕೊಂಡು ನಾನು ನನ್ನ ಹಳೆಯ ವಿದ್ಯಾರ್ಥಿಯ ಮನೆ ಹುಡುಕಿ ಹೋದೆ. ಓಣಿಯಲ್ಲಿ ಮಗ್ಗಗಳು ಮೊದಲಿಗಿಂತ ಕಡಿಮೆಯಾಗಿದ್ದವು. ಅವನು ಕಟ್ಟೆಯ ಮೇಲೆ ಕುಳಿತು ಕಂಡಿಕೆ ಸುತ್ತುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ, “ಬರ್ರಿ ಸರ, ಕುಂದರ್ರಿ” ಎಂದ. ಹೆಜ್ಜೆಯ ಸದ್ದು ಅವನಿಗೆ ಮರೆತಿರಲಿಲ್ಲ. ಪತ್ರಿಕೆಯನ್ನು ಓದಿ ಹೇಳಿದೆ. ಕಂಡಿಕೆ ನಿಲ್ಲಿಸಿ, ಆಟದ ನಿಯಮಗಳನ್ನೆಲ್ಲ ಎರಡೆರಡು ಬಾರಿ ಕೇಳಿ ತಿಳಿದುಕೊಂಡ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, “ಹಂಗಾರ ಅಲ್ಲಿ ಚಪ್ಪಲಿ ಕಾಯಾಕ ಯಾರನ್ನ ಕುಂದರಿಸಿದ್ರ್ರಿ ಸರ?” ಎಂದು ಕೇಳಿದ.

ನಾನು ಉತ್ತರಿಸಲಾರದೆ ಕುಳಿತೆ. ಅವನೇ ನಕ್ಕು, ಒಳಗಿನವರಿಗೆ ಚಹಾ ತರಲು ಕೂಗಿ ಹೇಳಿದ.