ಮಗರಾಯ ವೆಲ್ಡಿಂಗ್ ಕಲೀತಾನಂತೆ!

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಆದರೆ ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಫಾರಂ ಎಬ್ಬಿಸಿದ ಗಲಾಟೆಯನ್ನು ಎಲ್ಲಾದರೂ ಹೇಳಿಕೊಳ್ಳದಿದ್ದರೆ ಸಮಾಧಾನ ಆಗೋ ಹಾಗಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ.

ನಾವಿರೋದು ಟೆಕ್ಸಸ್‌ನ ಡಲ್ಲಾಸ್ ಹತ್ತಿರ. ಮಗ ಎಂಟನೇ ಕ್ಲಾಸು. ಇಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ಹೈಸ್ಕೂಲು. ಅದಕ್ಕೆ ಕಾಲಿಡುವ ಮೊದಲೇ, ನಾಲ್ಕು ವರ್ಷ ಏನೇನು ಓದುತ್ತೀಯಾ ಅಂತ ಒಂದು ಪ್ಲಾನ್ ಬರೆದು, ಅಪ್ಪನೋ ಅಮ್ಮನೋ ಸಹಿ ಹಾಕಿ ಕೊಡಬೇಕು. ಅದರಲ್ಲಿ 'ಎಂಡೋರ್ಸ್‌ಮೆಂಟ್' ಅಂತ ಒಂದು ಕಾಲಂ. ಐದು ದಾರಿಗಳಿವೆ: ಸ್ಟೆಮ್, ಬಿಸಿನೆಸ್ ಅಂಡ್ ಇಂಡಸ್ಟ್ರಿ, ಪಬ್ಲಿಕ್ ಸರ್ವೀಸಸ್, ಆರ್ಟ್ಸ್ ಅಂಡ್ ಹ್ಯುಮ್ಯಾನಿಟೀಸ್, ಮತ್ತೆ ಎಲ್ಲದರದ್ದೂ ಸ್ವಲ್ಪ ಸ್ವಲ್ಪ ಇರುವ ಮಲ್ಟಿಡಿಸಿಪ್ಲಿನರಿ. ನಮ್ಮ ಕಡೆಯವರು ಈ ಪಟ್ಟಿಯಲ್ಲಿ ಎರಡನೆಯದನ್ನು ಓದೋದೇ ಇಲ್ಲ. ಸ್ಟೆಮ್ ಮುಂದೆ ಟಿಕ್ ಹಾಕಿ, ಸಹಿ ಮಾಡಿ, ಊಟಕ್ಕೆ ಏಳೋದು.

ನಮ್ಮ ಮಗರಾಯ ಬಿಸಿನೆಸ್ ಅಂಡ್ ಇಂಡಸ್ಟ್ರಿಗೆ ಟಿಕ್ ಹಾಕಿ, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ 'ವೆಲ್ಡಿಂಗ್' ಅಂತ ಬರೆದಿದ್ದ.

ಸ್ಕೂಲಿನವರು ಒಂದು ದಿನ ಮಕ್ಕಳನ್ನೆಲ್ಲ ವೃತ್ತಿ ಕಲಿಸುವ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ಹನ್ನೊಂದನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ಕಬ್ಬಿಣದ ತುಂಡು ಬೆಸೆದು ತೋರಿಸಿದಳಂತೆ. "ಅಪ್ಪಾ, ಕರಗಿದ ಮೆಟಲ್ ನೀರಿನ ತರ ಓಡತ್ತೆ, ನೀನು ನೋಡಬೇಕು!" ಅಂದ. ನಾನು ಆಫೀಸಿನ ಕಾಲ್ ಮ್ಯೂಟ್ ಮಾಡಿ ಅವನ ಮುಖ ನೋಡಿದೆ. ಹೆಂಡತಿ ಅಡುಗೆಮನೆಯಿಂದಲೇ, "ರೀ, ಅವನಿಗೆ ಸರಿಯಾಗಿ ಕೂರಿಸಿಕೊಂಡು ಹೇಳಿ" ಅಂದಳು. ಏನು ಹೇಳಬೇಕು ಅಂತ ಅವಳೂ ಹೇಳಲಿಲ್ಲ, ನನಗೂ ಹೊಳೀಲಿಲ್ಲ.

ಇಲ್ಲಿ ನಿಮಗೊಂದು ಹಳೇ ಕಥೆ ಹೇಳಬೇಕು.

ನಮ್ಮಪ್ಪ ಐಟಿಐ ಫಿಟ್ಟರ್. ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷ ಟ್ರೇಡ್ ಕಲಿತು, ಅಪ್ರೆಂಟಿಸ್ ಆಗಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಿದವರು. ಮೊದಲ ತಿಂಗಳುಗಟ್ಟಲೆ ಅವರಿಗೆ ಕೊಟ್ಟಿದ್ದು ಒಂದು ಕಬ್ಬಿಣದ ತುಂಡು ಮತ್ತು ಒಂದು ಅರ. ಉಜ್ಜೋದು, ಮಟ್ಟ ನೋಡೋದು, ಮತ್ತೆ ಉಜ್ಜೋದು. ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಈಗಲೂ ಒಂದು ಗಟ್ಟಿ ಕಾಯಿ ಇದೆ. ಮನೆಯಲ್ಲಿದ್ದ ಟೂಲ್ ಬಾಕ್ಸಿಗೆ ಮಾತ್ರ ಯಾವಾಗಲೂ ಬೀಗ. ನಾನೊಮ್ಮೆ ಸ್ಪ್ಯಾನರ್ ತಗೊಂಡು ಸೈಕಲ್ ಬಿಚ್ಚೋಕೆ ಹೋದಾಗ ಕೈಯಿಂದ ಕಿತ್ತುಕೊಂಡು, "ನೀನು ಇದನ್ನ ಮುಟ್ಟಬಾರದು ಅಂತಲೇ ಕಣೋ ನಾನು ಇದನ್ನ ಹಿಡಿದಿರೋದು" ಅಂದಿದ್ದರು.

ಅದಕ್ಕಿಂತ ಹೇಳಿಕೊಳ್ಳೋಕೆ ನಾಚಿಕೆಯಾಗೋ ವಿಷಯ ಇನ್ನೊಂದಿದೆ. ಹೈಸ್ಕೂಲಿನ ಅರ್ಜಿಯೊಂದರಲ್ಲಿ 'ತಂದೆಯ ಉದ್ಯೋಗ' ಅಂತಿದ್ದ ಕಡೆ ನಾನು 'ಫಿಟ್ಟರ್' ಅಂತ ಬರೆಯಲಿಲ್ಲ. 'ಫ್ಯಾಕ್ಟರಿ ಆಫೀಸರ್' ಅಂತ ಬರೆದೆ. ಪಕ್ಕದಲ್ಲಿ ಕೂತಿದ್ದವನು ಇಂಜಿನಿಯರ್ ಮಗ. ಅಪ್ಪ ಆ ಅರ್ಜಿ ಓದಿ, ಏನೂ ಮಾತಾಡದೆ ಸಹಿ ಹಾಕಿಕೊಟ್ಟರು. ಇವತ್ತಿನವರೆಗೂ ಅದರ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ.

ಈಗ ಸಹಿ ಹಾಕೋ ಸರದಿ ನನ್ನದು!

ಸರಿ, ಬೈಯುವ ಮೊದಲು ಓದೋಣ ಅಂತ ರಾತ್ರಿ ಕೂತು ಈ ಡಿಪ್ಲೊಮಾದ ನಿಯಮ ಪೂರ್ತಿ ಓದಿದೆ. ಮೊದಲು ಒಂದು ಮಾತು: ಇಲ್ಲಿ ಡಿಪ್ಲೊಮಾ ಅಂದರೆ ನಮ್ಮ ಪಾಲಿಟೆಕ್ನಿಕ್ ಅಲ್ಲ, ಹೈಸ್ಕೂಲ್ ಮುಗಿಸಿದ್ದಕ್ಕೆ ಕೊಡುವ ಸರ್ಟಿಫಿಕೇಟು. ಟೆಕ್ಸಸ್‌ನಲ್ಲಿ 2013ರಲ್ಲಿ 'ಹೌಸ್ ಬಿಲ್ 5' ಅಂತ ಒಂದು ಕಾನೂನು ಬಂತು. ಅದಕ್ಕೂ ಮುಂಚೆ ಹೆಚ್ಚಿನ ಮಕ್ಕಳಿಗೆ '4x4' ಅನ್ನುವ ಪದ್ಧತಿ: ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ನಾಲ್ಕೂ ನಾಲ್ಕು ವರ್ಷ. ಜೊತೆಗೆ 15 ರಾಜ್ಯಮಟ್ಟದ ಪರೀಕ್ಷೆ. ಈ ಕಾನೂನು ಆ ಹದಿನೈದನ್ನು ಐದಕ್ಕೆ ಇಳಿಸಿತು, ಎಂಡೋರ್ಸ್‌ಮೆಂಟ್ ದಾರಿಗಳನ್ನು ತಂದಿತು.

ಲೆಕ್ಕ ಹೀಗಿದೆ. ಬರೀ ತಳಪಾಯದ ಡಿಪ್ಲೊಮಾಗೆ 22 ಕ್ರೆಡಿಟ್. ಎಂಡೋರ್ಸ್‌ಮೆಂಟ್ ಬೇಕಾದರೆ 26. ಒಂದು ವರ್ಷ ಪೂರ್ತಿ ಓದುವ ವಿಷಯಕ್ಕೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ಆ 26ರಲ್ಲಿ ಇಂಗ್ಲಿಷ್ 4, ಗಣಿತ 4, ವಿಜ್ಞಾನ 4, ಸಮಾಜ 3, ಇನ್ನೊಂದು ಭಾಷೆ 2, ಕಲೆ 1, ದೈಹಿಕ ಶಿಕ್ಷಣ 1. ಕೂಡಿದರೆ 19. ಉಳಿದ 7 ಐಚ್ಛಿಕ. ವೆಲ್ಡಿಂಗ್ ಕೂರೋದು ಈ ಏಳರೊಳಗೆ: ಪರಿಚಯದ ಕೋರ್ಸಿಗೆ 1, ವೆಲ್ಡಿಂಗ್ ಒಂದಕ್ಕೆ 2, ವೆಲ್ಡಿಂಗ್ ಎರಡಕ್ಕೆ 2. ಒಟ್ಟು 5.

ನಾನು ಎರಡು ಸಲ ಕೂಡಿ ನೋಡಿದೆ. 26ರಲ್ಲಿ ಬರೀ 5! ಮಿಕ್ಕ 21 ಕ್ರೆಡಿಟ್ಟು ಸ್ಟೆಮ್ ತಗೊಂಡ ಹುಡುಗರ ಪಕ್ಕದಲ್ಲೇ ಕೂತು ಓದೋದು. ನನ್ನ ತಲೆಯಲ್ಲಿದ್ದ ಚಿತ್ರವೇ ಬೇರೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಆದಮೇಲೆ ದಾರಿ ಒಡೆಯುತ್ತಿತ್ತು. ಪಿಯುಸಿಗೆ ಹೋದವನು ಒಂದು ಕಡೆ, ಐಟಿಐಗೆ ಹೋದವನು ಇನ್ನೊಂದು ಕಡೆ, ಆಮೇಲೆ ಅವರಿಬ್ಬರೂ ಭೇಟಿಯಾಗುತ್ತಿದ್ದದ್ದು ಮದುವೆ ಮನೆಯಲ್ಲಿ. ಅದೇ ಭಯವನ್ನು ಹೊತ್ತುಕೊಂಡು ನಾನು ಇಲ್ಲಿನ ಫಾರಂ ಓದುತ್ತಿದ್ದೆ.

ಆದರೆ ಫಾರಂನಲ್ಲಿ ನಿಜವಾಗಿಯೂ ಹುಷಾರಾಗಿರಬೇಕಾದ ಜಾಗ ಒಂದಿದೆ, ಅದು ವೆಲ್ಡಿಂಗ್ ಅಲ್ಲ. ಅದು ಗಣಿತದ ನಾಲ್ಕರಲ್ಲಿ ಒಂದು: ಆಲ್ಜೀಬ್ರಾ 2. ಎಂಡೋರ್ಸ್‌ಮೆಂಟಿಗೆ ನಾಲ್ಕನೇ ಗಣಿತ ಬೇಕು, ಆದರೆ ಅದು ಆಲ್ಜೀಬ್ರಾ 2 ಆಗಿರಲೇಬೇಕು ಅಂತ ಎಲ್ಲ ದಾರಿಗೂ ನಿಯಮ ಇಲ್ಲ. ಅದನ್ನು ಬಿಟ್ಟರೂ ಡಿಪ್ಲೊಮಾ ಸಿಗುತ್ತೆ. ಸಿಗದೇ ಹೋಗೋದು 'ಡಿಸ್ಟಿಂಗ್ವಿಶ್ಡ್' ಅನ್ನುವ ಮೇಲಿನ ದರ್ಜೆ. ಶಾಲೆಯ ಮೊದಲ ಹತ್ತು ಶೇಕಡಾದಲ್ಲಿ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಅನ್ನುವ ಕಾನೂನಿದೆಯಲ್ಲ (ಆಸ್ಟಿನ್‌ನಲ್ಲಿ ಶೇಕಡಾ ಇನ್ನೂ ಕಡಿಮೆ), ಅದಕ್ಕೆ ಅರ್ಹರಾಗೋಕೆ ಈ ದರ್ಜೆ ಬೇಕು. ಅಂದರೆ ವೆಲ್ಡಿಂಗ್ ತಗೊಂಡವನೂ ಆಲ್ಜೀಬ್ರಾ 2 ಮಾಡಿದರೆ ಬಾಗಿಲು ತೆರೆದೇ ಇರುತ್ತೆ. ಹದಿನಾಲ್ಕು ವರ್ಷದ ಹುಡುಗನೊಬ್ಬ ಗಣಿತ ಕಷ್ಟ ಅಂತ ಅದನ್ನು ಬಿಟ್ಟರೆ, ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತೆ. ಮನೆಯಲ್ಲಿ ಈ ಫಾರಂ ಓದಿ ಹೇಳೋರು ಇಲ್ಲದಿದ್ದರೆ ಅವನಿಗೆ ಗೊತ್ತಾಗೋದು ನಾಲ್ಕು ವರ್ಷ ಆದಮೇಲೆ.

2013ರಲ್ಲಿ ಈ ಕಾನೂನಿಗೆ ವಿರೋಧ ಬಂದಿದ್ದೂ ಇದಕ್ಕೇ. ಎಲ್ಲರನ್ನೂ ಕಾಲೇಜಿಗೇ ತಳ್ಳುತ್ತೀರಿ, ಕೆಲಸ ಬಲ್ಲವರು ಸಿಗುತ್ತಿಲ್ಲ ಅಂತ ಕೈಗಾರಿಕೆಗಳವರು ಒಂದು ಕಡೆ. ಬಡವರ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳನ್ನೇ ಕಡಿಮೆ ಗಣಿತದ ದಾರಿಗೆ ಕಳಿಸಿಬಿಡುತ್ತೀರಿ ಅಂತ ಇನ್ನೊಂದು ಕಡೆ. ಓದುತ್ತಾ ನನಗೆ ಅನ್ನಿಸಿದ್ದು, ಇಬ್ಬರ ಮಾತೂ ನಿಜ. ಅಪ್ಪನಿಗೆ ಎಸ್ಸೆಸ್ಸೆಲ್ಸಿ ಆದಾಗ ಪಿಯುಸಿ ಯಾಕೆ ಬೇಡ ಅಂತ ಯಾರೂ ಕೇಳಿರಲಿಲ್ಲ. ಮನೆಗೆ ಬೇಗ ಸಂಬಳ ಬೇಕಿತ್ತು, ಅಷ್ಟೆ.

ಶನಿವಾರ ರಾತ್ರಿ ಭದ್ರಾವತಿಗೆ ವಿಡಿಯೋ ಕಾಲ್. ಅಲ್ಲಿ ಬೆಳಗಿನ ಕಾಫಿ ಹೊತ್ತು. ಮಗನೇ ಹೇಳಿದ, "ಅಜ್ಜಾ, ನಾನು ವೆಲ್ಡಿಂಗ್ ಕಲೀತೀನಿ." ಅಪ್ಪ ಲೋಟ ಕೆಳಗಿಟ್ಟರು. ನನ್ನನ್ನು ಕರೆದು, "ನಾನು ಉಜ್ಜಿದ್ದು ಸಾಲದಾ? ಅಮೆರಿಕಕ್ಕೆ ಹೋಗಿ ಇದನ್ನೇನೋ ಕಲಿಸೋದು?" ಅಂದರು. ನಾನು ತೆಪ್ಪಗಿದ್ದೆ. ಮಗ ಬಿಡಲಿಲ್ಲ, ಮಧ್ಯೆ ಬಾಯಿ ಹಾಕಿ, "ಅಜ್ಜಾ, ಆದ್ರೆ ಅಪ್ಪ ಆಲ್ಜೀಬ್ರಾ 2 ತಗೋಬೇಕು ಅಂತಾರೆ. ವೆಲ್ಡರ್‌ಗೆ ಅದು ಯಾಕೆ?" ಅಂದ.

ಆಗ ಅಪ್ಪನ ದನಿಯೇ ಬದಲಾಯಿತು. "ಯಾಕೆ ಅಂದ್ರೆ? ಸೈನ್ ಬಾರ್ ಗೊತ್ತಾ ನಿಂಗೆ? ಕೋನ ಅಳೆಯೋದು. ಎತ್ತರ ಬೇಕು, ಉದ್ದ ಬೇಕು, ಸೈನ್ ಟೇಬಲ್ ಬೇಕು. ನಮಗೆ ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಅಂತ ಒಂದು ಪೇಪರ್ರೇ ಇತ್ತು. ಲೆಕ್ಕ ಬರದೋನು ಇನ್ನೊಬ್ಬ ಗೆರೆ ಹಾಕಿಕೊಟ್ಟಲ್ಲಿ ಕೊಯ್ತಾ ಇರ್ತಾನೆ. ಲೆಕ್ಕ ಬರೋನು ಗೆರೆ ಹಾಕ್ತಾನೆ." ಹೀಗೇ ಇಪ್ಪತ್ತು ನಿಮಿಷ! ನಲವತ್ತು ದಾಟಿದ ನನಗೆ ಅಪ್ಪ ತಮ್ಮ ಕೆಲಸದ ಬಗ್ಗೆ ಒಟ್ಟು ಐದು ನಿಮಿಷ ಹೇಳಿದ್ದು ನೆನಪಿಲ್ಲ. ನಾನು ಕೇಳಿರಲಿಲ್ಲ ಅನ್ನೋದು ಹೆಚ್ಚು ಸರಿ.

ಕೊನೆಗೆ ಒಪ್ಪಿದರಾ? ಇಲ್ಲ. "ಕಣ್ಣು ಜೋಪಾನ. ಆರ್ಕ್ ನೋಡಿದ್ರೆ ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಹಾಕಿದ ಹಂಗಾಗತ್ತೆ" ಅಂತ ಹೇಳಿ, ನನಗೆ "ನೀನು ಯೋಚನೆ ಮಾಡು" ಅಂದು ಫೋನಿಟ್ಟರು.

ಯೋಚನೆ ಮಾಡಿದೆ. ಬಿಸಿನೆಸ್ ಅಂಡ್ ಇಂಡಸ್ಟ್ರಿ, ವೆಲ್ಡಿಂಗ್, ಜೊತೆಗೆ ಆಲ್ಜೀಬ್ರಾ 2. ಭಾಷೆಗೆ ಸ್ಪ್ಯಾನಿಷ್. (ಪ್ರೋಗ್ರಾಮಿಂಗ್ ಕೋರ್ಸುಗಳನ್ನೂ ಇಲ್ಲಿ 'ಭಾಷೆ'ಯ ಲೆಕ್ಕಕ್ಕೆ ಹಿಡಿಯಬಹುದಂತೆ, ನಮ್ಮ ಮನೆಯಲ್ಲಿ ಅದು ಈಗಾಗಲೇ ಒಬ್ಬನಿಗೆ ಬರುತ್ತೆ, ಸಾಕು :)) ಎಂಡೋರ್ಸ್‌ಮೆಂಟನ್ನು ಮುಂದೆ ಬದಲಾಯಿಸಲೂಬಹುದು. ಸಹಿ ಹಾಕಿದೆ. ಹೆಂಡತಿ ಇನ್ನೂ ಪೂರ್ತಿ ಒಪ್ಪಿಲ್ಲ. ಮೊನ್ನೆ ಗೆಳೆಯರ ಮನೆಯ ಊಟಕ್ಕೆ ಹೋದಾಗ, "ನಿಮ್ಮವನು ಸ್ಟೆಮ್ ತಾನೇ?" ಅಂತ ಯಾರೋ ಕೇಳಿದರು. ಒಂದು ಕ್ಷಣ ನಾಲಿಗೆ ತುದಿಗೆ ಹಳೇ ಅರ್ಜಿ ಬಂದುಬಿಟ್ಟಿತ್ತು.

"ಇಲ್ಲ, ವೆಲ್ಡಿಂಗ್" ಅಂದೆ. "ನಮ್ಮಪ್ಪ ಫಿಟ್ಟರ್."

ಮುಂದಿನ ಸಲ ಊರಿಗೆ ಹೋದಾಗ ಆ ಟೂಲ್ ಬಾಕ್ಸಿನ ಬೀಗದ ಕೈ ಕೇಳಬೇಕು. ಕೊಡ್ತಾರೋ ಇಲ್ವೋ ಗೊತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಮಕ್ಕಳನ್ನು ಈ ದಾರಿಗೆ ಕಳಿಸಿದ್ದರೆ, ಅಥವಾ ನೀವೇ ಐಟಿಐ ಮಾಡಿ ಬಂದವರಾಗಿದ್ದರೆ, ಖಂಡಿತ ಬರೆಯಿರಿ. ಓದೋಕೆ ಇಲ್ಲಿ ಮೂವರಿದ್ದೀವಿ. ಭದ್ರಾವತಿಯದೂ ಸೇರಿಸಿದರೆ ನಾಲ್ವರು.