ಕೇಳಿಸದ ಕಂಪನ

ವೀಣೆಯನ್ನು ಮೀಟುವುದು ಬಲಗೈ, ಹಾಡಿಸುವುದು ಎಡಗೈ. ಮೆಟ್ಟಿನ ಮೇಲೆ ತಂತಿಯನ್ನು ಒತ್ತಿ, ಪಕ್ಕಕ್ಕೆ ಎಳೆದು ಸ್ವರವನ್ನು ತೂಗಿಸುವ ಆ ಬೆರಳುಗಳೇ ಬಿಗಿದುಕೊಂಡರೆ ವೈಣಿಕರಿಗೆ ಉಳಿಯುವುದು ನಾದ ಮಾತ್ರ, ರಾಗವಲ್ಲ. ಬೆಂಗಳೂರಿನ ಕುಮಾರಸ್ವಾಮಿ ಲೇಔಟಿನಲ್ಲಿ, ದಯಾನಂದ ಸಾಗರ ಕಾಲೇಜಿಗೆ ಅನತಿದೂರದ ಮನೆಯೊಂದರಲ್ಲಿ, ವಯೋವೃದ್ಧ ವೀಣಾ ಶಿಕ್ಷಕಿಯೊಬ್ಬರಿಗೆ ಸಂಧಿವಾತದಿಂದ ಒದಗಿದ್ದು ಇದೇ ಸ್ಥಿತಿ. ವೀಣೆಗೆ ಗವುಸು ಹೊದಿಸಲಾಯಿತು, ಪಾಠ ನಿಂತಿತು.

ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಮೊಮ್ಮಗಳು ಒಂದು ದಿನ ಸಿಂಥಸೈಸರೊಂದನ್ನು ಮನೆಗೆ ತಂದಳು. ಯಂತ್ರದ ನಾದ ಆ ಮನೆಗೆ ಹೊಸದೇನಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಮೇಲೆ ಅಂತಹ ಪೆಟ್ಟಿಗೆಗಳು ಸಂಗೀತದ ಮನೆಮನೆಯನ್ನೂ ಸೇರಿದ್ದವು. ಅಲ್ಲಿಯೂ ಒಂದು ಬಹುಕಾಲದಿಂದ ಶ್ರುತಿ ನೀಡುತ್ತಿತ್ತು. ಆದರೆ ಶ್ರುತಿಯ ಗುಣ ಸ್ಥಿರತೆ; ಗಮಕದ ಗುಣ ಚಲನೆ. ಸ್ಥಿರವಾಗಿ ನಿಲ್ಲಬಲ್ಲ ಯಂತ್ರ ಒಲೆದಾಡಲೂ ಬಲ್ಲುದೆ?

ಬಲ್ಲುದೆಂದು ಮೊಮ್ಮಗಳು ಕಲಿತಿದ್ದಳು. ಸಿಂಥಸೈಸರಿನಲ್ಲಿ ಸ್ವರವನ್ನು ಹುಟ್ಟಿಸುವುದು ಆಂದೋಲಕವೆಂಬ ವಿದ್ಯುನ್ಮಂಡಲ. ಅದರ ಜೊತೆಗೆ ಮಂದಗತಿಯ ಇನ್ನೊಂದು ಆಂದೋಲಕವೂ ಇರುತ್ತದೆ. ಸೆಕೆಂಡಿಗೆ ಸುಮಾರು 20ಕ್ಕಿಂತ ಕಡಿಮೆ ಕಂಪನಗಳನ್ನು ಮಾನವನ ಕಿವಿ ಸ್ವರವೆಂದು ಗ್ರಹಿಸಲಾರದು. ಆದುದರಿಂದ ಈ ಎರಡನೆಯದು ತಾನು ಕೇಳಿಸುವುದಿಲ್ಲ, ಕೇಳಿಸುವುದನ್ನು ಆಳುತ್ತದೆ. ಅದನ್ನು ಸ್ವರದ ಎತ್ತರಕ್ಕೆ ಜೋಡಿಸಿದರೆ ಸ್ವರ ಕಂಪಿಸುತ್ತದೆ. ಧ್ವನಿಯ ಪ್ರಮಾಣಕ್ಕೆ ಜೋಡಿಸಿದರೆ ನಾದ ಉಬ್ಬಿ ಇಳಿಯುತ್ತದೆ. ಫಿಲ್ಟರಿಗೆ ಜೋಡಿಸಿದರೆ ಹಾಡುವವನು ಬಾಯಿಯನ್ನು ತೆರೆದು ಮುಚ್ಚಿದಂತೆ ನಾದದ ಬಣ್ಣವೇ ಬದಲಾಗುತ್ತದೆ. ವೇಗ, ಆಳ, ಅಲೆಯ ಆಕಾರ — ಇವು ಅದರ ಮೂರು ಲಕ್ಷಣಗಳು. ಅಲೆ ದುಂಡಗಿದ್ದರೆ ಸ್ವರ ತೊಟ್ಟಿಲಂತೆ ತೂಗುತ್ತದೆ; ಚೌಕವಾಗಿದ್ದರೆ ಎರಡು ಸ್ವರಗಳ ನಡುವೆ ಕುಪ್ಪಳಿಸುತ್ತದೆ.

ತೋಡಿಯ ಗಾಂಧಾರವನ್ನು ಹಿಡಿದು, ಸೆಕೆಂಡಿಗೆ ಆರು ಕಂಪನಗಳಂತೆ ಯಂತ್ರವನ್ನು ಅಣಿಗೊಳಿಸಿ ಅವಳು ನುಡಿಸಿದಳು.

“ಇದು ಚಳಿಗೆ ನಡುಗಿದ ಹಾಗಿದೆ, ಮಗು” ಎಂದರು ಅಜ್ಜಿ.

ವೇಗ ತಗ್ಗಿಸಿ ಆಳ ಹೆಚ್ಚಿಸಿದಳು. ಈಗ ಗಾಂಧಾರ ರಿಷಭ ಮಧ್ಯಮಗಳೆರಡನ್ನೂ ಮುಟ್ಟುತ್ತಿತ್ತು. ಆದರೂ ಪ್ರತಿಯೊಂದು ಓಲಾಟವೂ ಹಿಂದಿನದರ ಅಚ್ಚು. ತೋಡಿಗೂ ಖರಹರಪ್ರಿಯಕ್ಕೂ ಸಾಧಾರಣ ಗಾಂಧಾರವೇ. ಆದರೆ ಎರಡರಲ್ಲೂ ಅದು ತೂಗುವ ಬಗೆ ಬೇರೆ. ಯಾವ ಸ್ವರದಿಂದ ಬಂದಿತು, ಯಾವುದಕ್ಕೆ ಹೋಗಲಿದೆ, ಎಲ್ಲಿ ಕ್ಷಣಕಾಲ ತಂಗಬೇಕು ಎಂಬುದನ್ನು ಸಮಗತಿಯ ಆಂದೋಲಕ ಅರಿಯದು. ಅವಳು ಸೋತು ಕೈಚೆಲ್ಲಿದಳು.

ಅಜ್ಜಿಯ ದೃಷ್ಟಿ ಬೇರೆಲ್ಲಿಯೋ ನೆಟ್ಟಿತ್ತು. “ಈ ಚಕ್ರ ಎಡಗಡೆಗೇ ಏಕಿದೆ?”

1970ರಲ್ಲಿ ಬಂದ ಮಿನಿಮೂಗ್ ವಾದ್ಯದಿಂದ ಮೊದಲ್ಗೊಂಡು ಎಷ್ಟೋ ಸಿಂಥಸೈಸರುಗಳಲ್ಲಿ ಮನೆಗಳ ಎಡಬದಿಯಲ್ಲಿ ಸ್ವರವನ್ನು ಬಾಗಿಸುವ ಚಕ್ರವೊಂದಿರುತ್ತದೆ. ಇಂದಿನ ಹಲವು ವಾದ್ಯಗಳಲ್ಲಿ ಅದು ಸ್ವರವನ್ನು ಎರಡು ಸ್ವರಸ್ಥಾನ ಮೇಲಕ್ಕೂ ಅಷ್ಟೇ ಕೆಳಕ್ಕೂ ಸರಿಸಿ, ಕೈಬಿಟ್ಟೊಡನೆ ಎಳೆದುಬಿಟ್ಟ ತಂತಿಯಂತೆ ಸ್ವಸ್ಥಾನಕ್ಕೆ ಮರಳುತ್ತದೆ. ಸಾಧಾರಣ ಗಾಂಧಾರದಿಂದ ಶುದ್ಧ ರಿಷಭಕ್ಕೂ ಶುದ್ಧ ಮಧ್ಯಮಕ್ಕೂ ಇರುವ ದೂರವೂ ಅಷ್ಟೇ.

ಮೊಮ್ಮಗಳು ಮಂದ ಆಂದೋಲಕವನ್ನು ಸೊನ್ನೆಗೆ ತಂದು ಗಾಂಧಾರದ ಮನೆಯನ್ನು ಒತ್ತಿ ಹಿಡಿದಳು. ತಂತಿಯ ಬಿಗುವನ್ನು ತಾಳಲಾರದ ಅಜ್ಜಿಯ ಕೈಗೆ ಚಕ್ರ ಹಗುರವಾಗಿತ್ತು. ಹೆಬ್ಬೆರಳು ಅದನ್ನು ಮೆಲ್ಲನೆ ನೂಕಿತು, ತಡೆಯಿತು, ಬಿಟ್ಟಿತು. ಹೊಮ್ಮಿದ ನಾದ ವೀಣೆಯದಾಗಿರಲಿಲ್ಲ. ಆದರೆ ಗಾಂಧಾರ ತೋಡಿಯದೇ ಆಗಿತ್ತು. ಯಂತ್ರದೊಳಗೆ ಹುಡುಕುತ್ತಿದ್ದ ಆಂದೋಲಕ ಇಷ್ಟು ವರ್ಷವೂ ಈ ಎಡಗೈಯಲ್ಲೇ ಇತ್ತೆಂಬುದು ಅವಳಿಗೆ ಆಗ ಹೊಳೆಯಿತು.

ಅಂದು ಸಂಜೆ ಪಾಠ ಮತ್ತೆ ಆರಂಭವಾಯಿತು: ಮನೆಗಳ ಮೇಲೆ ಮೊಮ್ಮಗಳ ಬಲಗೈ, ಚಕ್ರದ ಮೇಲೆ ಅಜ್ಜಿಯ ಎಡಗೈ.