ಒಳಗೆ ಬಿಟ್ಟ ಬಟ್ಟೆ

ಸಲ್ವಾರು, ಕುಪ್ಪಸ, ಮಕ್ಕಳ ಫ್ರಾಕು, ದಿಂಬಿನ ಗಲೀಫು ಇವೆಲ್ಲ ಮನೆಯ ಮಷೀನಿನ ಮೇಲೆ ಆಗುತ್ತವೆ. ಗಂಡಸರ ಪ್ಯಾಂಟು ಮಾತ್ರ ಬಜಾರಿನ ಟೇಲರನ ಕೆಲಸ. 2019ರ ಜುಲೈವರೆಗೆ ನಾನೂ ಹಾಗೇ ತಿಳಿದಿದ್ದೆ. ಆ ತಿಂಗಳ ಒಂದು ಭಾನುವಾರ ಲಿಂಗಸುಗೂರಿನಿಂದ ಭಯ್ಯಾ ಸಿಂಧನೂರಿನ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಮೂರು ಪ್ಯಾಂಟು.

"ಚೋಟಿ, ಇವನ್ನು ಸೊಂಟದ ಹತ್ತಿರ ಸಣ್ಣ ಮಾಡಿಕೊಡು."

"ನಿಮ್ಮ ಟೇಲರ್ ಇದ್ದಾನಲ್ಲ ಭಯ್ಯಾ?"

ಅವರು ಉತ್ತರ ಕೊಡಲಿಲ್ಲ. ಕುರ್ಚಿಯಿಂದ ಎದ್ದು ಅಂಗಿಯನ್ನು ಮೇಲಕ್ಕೆತ್ತಿ ತೋರಿಸಿದರು. ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡಿದ್ದರು. ಪ್ಯಾಂಟು ಸೊಂಟದ ಸುತ್ತ ಚೀಲದ ಬಾಯಿ ಕಟ್ಟಿದಂತೆ ನೆರಿಗೆ ಬಿದ್ದಿತ್ತು.

ಮೇ ತಿಂಗಳಲ್ಲಿ ಅವರಿಗೆ ಕ್ಷಯ ಎಂದು ಗೊತ್ತಾಗಿತ್ತು. ಭಾಬಿಗೆ, ನನಗೆ, ಅವರ ಮಗಳಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ತೂಕ ನೋಡಿ ಗುಳಿಗೆಯ ಲೆಕ್ಕ ಹಾಕಿದ್ದರು. ಎರಡು ತಿಂಗಳು ನಾಲ್ಕು ಬಗೆಯ ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಬಗೆಯದು, ದಿನವೂ, ಒಂದು ದಿನವೂ ತಪ್ಪದೆ. ಔಷಧಿ ಪುಕ್ಕಟೆ. ತಿನ್ನುವುದಕ್ಕೆಂದು ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿಯನ್ನೂ ಖಾತೆಗೆ ಹಾಕುತ್ತಿತ್ತು. ಅದರಲ್ಲಿ ಭಾಬಿ ಮೊಟ್ಟೆ, ಶೇಂಗಾ ತರುತ್ತಿದ್ದರು. ಬೇರೆಯವರಿಗೆ ಅಂಟುವ ಮೊದಲ ವಾರಗಳು ಶಾಲೆಯ ಬೇಸಿಗೆ ರಜೆಯಲ್ಲೇ ಕಳೆದುಹೋದವು. ಮತ್ತೆ ಪರೀಕ್ಷೆ ಮಾಡಿದ ಡಾಕ್ಟರರು ಇನ್ನು ಶಾಲೆಗೆ ಹೋಗಬಹುದು ಎಂದಿದ್ದರು. ರೋಗದ ದಾರಿ ಹೀಗೆ ಸರಿಯಾಗೇ ಇತ್ತು. ಉಳಿದದ್ದು ಪ್ಯಾಂಟಿನ ಪ್ರಶ್ನೆ.

ಅಕ್ಟೋಬರಿನಲ್ಲಿ ಮಗಳ ನಿಕಾಹ್. ಹುಡುಗನ ಮನೆ ಮಸ್ಕಿಯಲ್ಲಿ, ಅವನ ತಂದೆಯೂ ಮೇಷ್ಟರು. ತರಬೇತಿಯಲ್ಲೋ ಚುನಾವಣೆ ಕೆಲಸದಲ್ಲೋ ತಿಂಗಳಿಗೊಮ್ಮೆ ಇಬ್ಬರೂ ಎದುರಾಗುತ್ತಿದ್ದರು. ಇತ್ತ ಟೇಲರನ ಹತ್ತಿರ ಅಳತೆಯ ಪುಸ್ತಕವಿತ್ತು. ಅದರಲ್ಲಿ ಭಯ್ಯಾನ ಹೆಸರಿನ ಮುಂದೆ ಇಪ್ಪತ್ತು ವರ್ಷದ ಸೊಂಟ ಬರೆದಿತ್ತು: 32, 34, ಆಮೇಲೆ 36. ಮನುಷ್ಯನ ದೇಹ ಇಳಿದದ್ದು ಡಾಕ್ಟರರ ನಂತರ ಗೊತ್ತಾಗುವುದು ಟೇಲರನಿಗೇ. ಅವನು ಕೆಟ್ಟವನಲ್ಲ. ಆದರೆ ಅವನ ಅಂಗಡಿಯ ಬೆಂಚಿನ ಮೇಲೆ ದಿನಕ್ಕೆ ನಲವತ್ತು ಜನ ಕೂತು ಏಳುತ್ತಾರೆ. ರೆಡಿಮೇಡ್ ಕೊಂಡರಾಯಿತಲ್ಲ ಎಂದೆ. "ಎಲ್ಲರೂ ನೋಡಿದ ಅದೇ ಬೂದು ಪ್ಯಾಂಟು ಮೈಗೆ ಸರಿಯಾಗಿ ಕೂತಿದ್ದರೆ ಯಾರೂ ಎರಡನೆಯ ಸಲ ನೋಡುವುದಿಲ್ಲ" ಎಂದರು. ಮೇಷ್ಟರ ಲೆಕ್ಕ, ತಪ್ಪು ಹುಡುಕಲಾಗಲಿಲ್ಲ.

ಅಬ್ಬಾನ ಕಾಲದಲ್ಲಾದರೆ ಈ ಪೇಚು ಇರುತ್ತಿರಲಿಲ್ಲ. ಅವರು ಕೊನೆಯವರೆಗೂ ಪೈಜಾಮ ತೊಟ್ಟವರು. ನಾಡಾಕ್ಕೆ ಯಾರ ಸೊಂಟದ ಅಳತೆಯೂ ಬೇಕಿಲ್ಲ. ದಪ್ಪಗಾದರೆ ಸಡಿಲ, ಸೊರಗಿದರೆ ಬಿಗಿ. ಪೈಜಾಮದ ಕಾಲಿನ ಬಾಯಿಗೆ ಅಮ್ಮ 'ಮೋರಿ' ಎನ್ನುತ್ತಿದ್ದರು. ಅದು ಉರ್ದುವಿನ ಮೊಹ್ರಿ. ಕನ್ನಡ ಶಾಲೆಗೆ ಸೇರಿದ ಹೊಸತರಲ್ಲಿ ನಾನು "ಅಬ್ಬಾನ ಮೋರಿ ಹರಿದಿದೆ" ಎಂದು ಹೇಳಿ ತರಗತಿಯೆಲ್ಲ ನಗುವಂತೆ ಮಾಡಿದ್ದೆ.

ಅಮ್ಮ ಹೊಲಿಯುತ್ತಿದ್ದುದು ಮಸ್ಕಿಯಲ್ಲಿ. ಹೊರಗಿನವರಿಗೆ ಮಸ್ಕಿ ಎಂದರೆ 1915ರಲ್ಲಿ ಸಿಕ್ಕ ಶಾಸನ, ಅಶೋಕನ ಹೆಸರನ್ನು ಬಿಡಿಸಿ ಹೇಳಿದ ಬಂಡೆ. ನನಗೆ ಮಸ್ಕಿ ಎಂದರೆ ಕಿಟಕಿಯ ಪಕ್ಕದ ಆ ಕಾಲು ಮಷೀನು. ಅದೇ ಈಗ ನನ್ನ ಮನೆಯಲ್ಲಿದೆ.

ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರವಿದಾಗ ಮೊದಲ ಸಲ ಅದರ ಜಾಣತನ ಕಂಡಿತು. ಟೇಲರ್ ಹೊಲಿದ ಪ್ಯಾಂಟಿನ ಸೊಂಟಪಟ್ಟಿ ಎರಡು ತುಂಡು. ಎಡಗಾಲು, ಬಲಗಾಲು ಬೇರೆ ಬೇರೆ ತಯಾರಾಗಿ, ಪಟ್ಟಿಯೂ ಕೂತ ಮೇಲೆ, ಕಟ್ಟಕಡೆಗೆ ಬೆನ್ನ ಕಡೆಯ ಒಂದೇ ಹೊಲಿಗೆ ಎರಡನ್ನೂ ಕೂಡಿಸುತ್ತದೆ. ಆ ಹೊಲಿಗೆಯ ಎರಡೂ ಬದಿಗೆ ಮೇಲ್ಗಡೆ ಒಂದೊಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟಿರುತ್ತಾರೆ. ಮನುಷ್ಯ ಇದ್ದ ಹಾಗೇ ಇರುವುದಿಲ್ಲ ಎಂದು ತಿಳಿದವನು ಕತ್ತರಿಸಿದ ಬಟ್ಟೆ ಅದು. ಜೀನ್ಸಿನಲ್ಲಿ ಇದನ್ನು ಹುಡುಕಬೇಡಿ.

ಭಯ್ಯಾ ಹಳೆಯ ಪ್ಯಾಂಟನ್ನು ಉಲ್ಟಾ ತೊಟ್ಟು ಬೆನ್ನು ಮಾಡಿ ನಿಂತರು. ನಾನು ಬೆನ್ನ ಕಡೆ ಬಟ್ಟೆ ಹಿಡಿದು ಪಿನ್ನು ಚುಚ್ಚಿದೆ. ಚಿಕ್ಕವಳಿದ್ದಾಗ ಇವರ ಬೆನ್ನ ಮೇಲೆ ಕೂತು ಉರುಸಿಗೆ ಹೋದವಳು ನಾನು. ಟೇಪು ಸುತ್ತಿದರೆ 32½ ಬಂತು. ಇಬ್ಬರೂ ಮಾತಾಡಲಿಲ್ಲ. ಗುರುತು ಹಾಕಲು ಅವರ ಕಿಸೆಯಿಂದಲೇ ಶಾಲೆಯ ಸೀಮೆಸುಣ್ಣದ ತುಂಡು ಸಿಕ್ಕಿತು.

ಮೂರೂವರೆ ಇಂಚನ್ನೂ ಹಿಂದುಗಡೆಯೇ ಹಿಡಿಯಲಾಗುವುದಿಲ್ಲ. ಹಿಡಿದರೆ ಹಿಂದಿನ ಎರಡು ಕಿಸೆಗಳು ಜಗಳವಾಡುವ ಓರಗಿತ್ತಿಯರಂತೆ ಹತ್ತಿರ ಬಂದು ನಿಲ್ಲುತ್ತವೆ; ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ. ಎರಡೂವರೆ ಹಿಡಿದೆ. ಉಳಿದದ್ದನ್ನು ಬನಿಯನ್ನು, ಅಂಗಿ, ಬೆಲ್ಟಿಗೆ ಬಿಟ್ಟೆ. ನಡುವಿನ ಬೆಲ್ಟ್ ಲೂಪು ಬಿಚ್ಚಿ, ಪಟ್ಟಿಯಿಂದ ಹಿಡಿದು ಸೀಟಿನ ಬಾಗು ಮುಗಿಯುವವರೆಗೆ ಹಳೆಯ ಹೊಲಿಗೆ ಬಿಚ್ಚಿದೆ. ಹೊಸ ಗೆರೆ ಮೇಲ್ಗಡೆ ಒಳಕ್ಕೆ, ಕೆಳಗಿಳಿದಂತೆ ನಿಧಾನಕ್ಕೆ ಹಳೆಯ ಗೆರೆಯಲ್ಲೇ ಕರಗಬೇಕು. ಒಮ್ಮೆಗೇ ಕರಗಿಸಿದರೆ ಅಲ್ಲಿ ಚೂಪಾಗಿ ಒಂದು ಗುಬ್ಬು ಏಳುತ್ತದೆ. ಮೊದಲು ಕೈಯಿಂದ ಕಚ್ಚಾ ಹೊಲಿಗೆ, ತೊಟ್ಟು, ಕೂತು, ಎದ್ದು ನೋಡಿದ ಮೇಲೆ ಮಷೀನು. ಬಾಗಿನ ಮೇಲೆ ಎರಡು ಸಲ ಹೊಲಿಗೆ, ಏಕೆಂದರೆ ಕೂತಾಗ ಎಳೆತವೆಲ್ಲ ಅಲ್ಲೇ.

ತಪ್ಪುಗಳೂ ಆದವು. ಪ್ಯಾಂಟು ಉದ್ದವಾಗಿ ಶೂಗಳ ಮೇಲೆ ಬೀಳುತ್ತಿದೆ ಎಂದು ಭಾಬಿ ಮೊದಲೇ ಕೆಳಗೆ ಒಂದಿಂಚು ಮಡಿಚಿ ತುರ್ಪಾಯಿ ಮಾಡಿದ್ದರು. ಸೊಂಟ ಸರಿಯಾದ ಮೇಲೆ ಪ್ಯಾಂಟು ತನ್ನ ಜಾಗಕ್ಕೆ ಏರಿತು, ಕಾಲುಚೀಲ ಕಂಡಿತು! ಅದು ಉದ್ದವಾಗಿರಲೇ ಇಲ್ಲ, ಜಾರಿತ್ತು ಅಷ್ಟೆ. ನನ್ನ ತಪ್ಪು ಇದಕ್ಕಿಂತ ದೊಡ್ಡದು. ಕಾಲು ದೊಗಳೆಯಾಗಿದೆಯೆಂದು ಒಳತೊಡೆಯ ಹೊಲಿಗೆಯೊಂದರಲ್ಲೇ ಒಂದಿಂಚು ಹಿಡಿದುಬಿಟ್ಟೆ. ಇಸ್ತ್ರಿಯ ಗೆರೆ ಮೊಣಕಾಲಿನ ನಡುವೆ ಇಳಿಯದೆ ಒಳಕ್ಕೆ ವಾಲಿತು. ಬಿಚ್ಚಿ, ಹೊರಗರ್ಧ ಒಳಗರ್ಧ ಹಂಚಿದಾಗ ಗೆರೆ ನೆಟ್ಟಗಾಯಿತು. ಕಪ್ಪು ದಾರವನ್ನು ರಾತ್ರಿ ಬಲ್ಬಿನಡಿ ಬಿಚ್ಚುವ ಕಷ್ಟ ಶತ್ರುವಿಗೂ ಬೇಡ.

ಒಳಗೆ ಉಳಿದ ಬಟ್ಟೆ ಈಗ ಎರಡೂ ಕಡೆ ಎರಡೂವರೆ ಇಂಚಿಗೂ ಹೆಚ್ಚು. ಕತ್ತರಿ ತೆಗೆದುಕೊಂಡೆ. "ಕತ್ತರಿಸಬೇಡ" ಎಂದರು ಭಯ್ಯಾ. ಅಮ್ಮನೂ ಅದನ್ನೇ ಹೇಳುತ್ತಿದ್ದರು. ಅಗಲಿಸಿ ಇಸ್ತ್ರಿ ಮಾಡಿ, ಒಳಗೇ ಕೈಹೊಲಿಗೆಯಿಂದ ಅಂಟಿಸಿಟ್ಟೆ.

ನಾನು ಕಥೆ ಬರೆಯುವವಳು. ಕ್ಷಯವೆಂದು ಗಂಡನ ಮನೆಯಿಂದ ವಾಪಸು ಬಂದ ಹೆಣ್ಣೊಬ್ಬಳ ಕಥೆ ಬರೆದು, ಜನ ಮೆಚ್ಚಿ ಫೋನು ಮಾಡಿದ್ದೂ ಉಂಟು. ಅದೇ ನಾನು ಮೂರು ರಾತ್ರಿ ಕೂತು ರೋಗವನ್ನು ಹೊಲಿಗೆಯೊಳಗೆ ಮಡಿಚಿಡುತ್ತಿದ್ದೆ. ಮಗಳ ಮದುವೆ ಎಂಬ ಒಂದು ಮಾತಿಗೆ ನನ್ನ ಕಥೆಗಳೆಲ್ಲ ಬಾಯಿ ಮುಚ್ಚಿಕೊಂಡವು. ಅದು ಸರಿಯೆಂದು ಇವತ್ತೂ ಹೇಳಲಾರೆ. ಮತ್ತೆ ಆ ಚೀಲ ತಂದರೆ ಹೊಲಿಯುವುದಿಲ್ಲ ಎಂದೂ ಹೇಳಲಾರೆ.

ಮದುವೆಗೆ ವಾರವಿರುವಾಗ ಭಯ್ಯಾನ ಫೋನು ಬಂತು. ಬೂದು ಪ್ಯಾಂಟು ಬಿಗಿಯಾಗುತ್ತಿದೆಯಂತೆ! ಭಾಬಿ ಹಿಂದಿನಿಂದ ನಗುತ್ತಿದ್ದುದು ಕೇಳಿಸಿತು. ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಮುಕ್ಕಾಲು ಇಂಚು ಬಿಟ್ಟುಕೊಟ್ಟು ಬಂದೆ. ನಿಕಾಹ್ ಆಯಿತು. ನವೆಂಬರಿನಲ್ಲಿ ಗುಳಿಗೆಯೂ ಮುಗಿಯಿತು.

ಮದುವೆಯಾಗಿ ಮೊದಲ ಈದಿಗೆ ತವರಿಗೆ ಬಂದ ಹುಡುಗಿ ನಮ್ಮಿಬ್ಬರೆದುರು ಚಹಾ ಕುಡಿಯುತ್ತಾ ಹೇಳಿದಳು: "ಫುಫ್ಫೂ, ಅಬ್ಬಾನ ಕಾಯಿಲೆ ವಿಷಯ ನಾನು ಅವರಿಗೆ ಆಗಸ್ಟಿನಲ್ಲೇ ಫೋನಿನಲ್ಲಿ ಹೇಳಿದ್ದೆ. ಗುಳಿಗೆ ಬಿಡಬಾರದು ಎಂದಷ್ಟೇ ಅವರು ಅಂದರು." ಭಯ್ಯಾ ಬಹಳ ಹೊತ್ತು ಬಸಿಯನ್ನೇ ನೋಡುತ್ತಾ ಕೂತರು. ಆಮೇಲೆ, "ನಿಮ್ಮ ಮಾವನಿಗೆ?" ಎಂದು ಕೇಳಿದರು. "ಗೊತ್ತಿಲ್ಲ ಅಬ್ಬಾ, ನಾನು ಕೇಳಿಲ್ಲ."

ಇದನ್ನು ಬರೆಯಲು ಭಯ್ಯಾನ ಒಪ್ಪಿಗೆಯಿದೆ. ಬೀಗರಿಗೂ ಈಗ ಎಲ್ಲ ಗೊತ್ತು.

ಮರುವರ್ಷ ಬೂದು ಪ್ಯಾಂಟನ್ನು ಮೊದಲಿನ 36ಕ್ಕೇ ಬಿಚ್ಚಿಕೊಟ್ಟೆ. ಒಳಗಿದ್ದ ಬಟ್ಟೆ ಹೊರಬಂದಾಗ ಅದರ ಬಣ್ಣ ಸುತ್ತಲಿನದಕ್ಕಿಂತ ಗಾಢ, ಅದರ ಅಂಚಿಗೆ ಸೂಜಿ ಆಡಿದ ತೂತುಗಳ ಸಾಲು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದೆ, ಉಗುರಿನಿಂದ ಉಜ್ಜಿದೆ, ಹೋಗಲಿಲ್ಲ. ಅಂಗಿ ಹೊರಗೆ ಬಿಟ್ಟುಕೊಳ್ಳಿ ಎಂದೆ. ಅವರು ಎಂದಿನಂತೆ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ಬೆಲ್ಟು ಬಿಗಿದು, ಶಾಲೆಗೆ ಹೋದರು. ಉಳಿದ ಎರಡು ಇನ್ನೂ ನನ್ನ ಮಷೀನಿನ ಪೆಟ್ಟಿಗೆಯ ಮೇಲಿವೆ.